ಸೇನಾ ಕಮಾಂಡ್-ಕಂಟ್ರೋಲ್ ಪರದೆಗಳ ವಿನ್ಯಾಸ ಮತ್ತು ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಮೂಲಿ ಆಪ್ ವಿನ್ಯಾಸ ಗೊತ್ತಿದ್ದವರಿಗೆ ಇಲ್ಲಿ ಹೊಸದೇನಿದೆ?

ಮಾಮೂಲಿ ಆಪ್ ಅನ್ನು ಬಳಕೆದಾರ ತನಗೆ ಬೇಕಾದಾಗ ತೆರೆಯುತ್ತಾನೆ, ಬೇಸರವಾದರೆ ಮುಚ್ಚುತ್ತಾನೆ. ಇಲ್ಲಿ, ಅಂದರೆ ತಮ್ಮವರು ಎಲ್ಲಿದ್ದಾರೆ, ಶತ್ರು ಎಲ್ಲಿದ್ದಾನೆ ಎಂದು ನಕ್ಷೆಯ ಮೇಲೆ ನೋಡಿ ಆದೇಶ ಕೊಡುವ ಸೇನಾ ಕೇಂದ್ರದಲ್ಲಿ, ಆಪರೇಟರ್ ಆರೆಂಟು ಗಂಟೆಯ ಪಾಳಿ ಪೂರ್ತಿ ಅದೇ ಪರದೆಯ ಮುಂದೆ ಕೂತಿರುತ್ತಾನೆ. ಹೆಚ್ಚಿನ ಹೊತ್ತು ಏನೂ ನಡೆಯುವುದಿಲ್ಲ, ನಡೆದಾಗ ಎಲ್ಲವೂ ಒಟ್ಟಿಗೇ ಮೈಮೇಲೆ ಬೀಳುತ್ತದೆ. ಒಂದು ಕಿವಿಯಲ್ಲಿ ಒಂದು ರೇಡಿಯೋ ಜಾಲ, ಇನ್ನೊಂದರಲ್ಲಿ ಮತ್ತೊಂದು. ಪಕ್ಕದ ಕುರ್ಚಿಯವನು ನೋಡುತ್ತಿರುವುದು ಅದೇ ಚಿತ್ರದ ಬೇರೊಂದು ತುಣುಕು.

ಇನ್ನೂ ದೊಡ್ಡ ವ್ಯತ್ಯಾಸವೊಂದಿದೆ. ಬ್ಯಾಂಕಿನ ಆಪ್ ತೋರಿಸುವ ಮೊತ್ತ ಸರಿಯಾಗಿರುತ್ತದೆ ಎಂದೇ ನಂಬಿ ನಡೆಯಬಹುದು. ಕಮಾಂಡ್ ಪರದೆಯ ಮೇಲಿನ ಯಾವ ಚುಕ್ಕೆಯೂ ಪೂರ್ತಿ ನಿಜವಲ್ಲ. ಅದು ಯಾವುದೋ ಸೆನ್ಸರ್ ಯಾವುದೋ ಹೊತ್ತಿನಲ್ಲಿ ಮಾಡಿದ ಅಂದಾಜು. ಹಾಗಾಗಿ ಪರದೆ ಎಷ್ಟು ತೋರಿಸುತ್ತದೆ ಎನ್ನುವುದಕ್ಕಿಂತ, ತನಗೆ ಗೊತ್ತಿಲ್ಲದ್ದನ್ನು ಎಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಿ.

ಕೆಲಸ ಎಲ್ಲಿಂದ ಶುರು ಮಾಡಬೇಕು?

ಪರದೆಯಿಂದಲ್ಲ, ತೀರ್ಮಾನಗಳಿಂದ. ಒಂದೊಂದು ಹುದ್ದೆಗೂ ಮೂರು ಹಂತದ ಪಟ್ಟಿ ಮಾಡಿ. ಆ ಕುರ್ಚಿಯವರ ಗುರಿ ಏನು, ಆ ಗುರಿಗಾಗಿ ಅವರು ಏನೇನು ತೀರ್ಮಾನಿಸಬೇಕು, ಒಂದೊಂದು ತೀರ್ಮಾನಕ್ಕೂ ಯಾವ ಮಾಹಿತಿ ಬೇಕು. ಮಾಹಿತಿಯನ್ನು ಬರೆಯುವಾಗ ‘ಎತ್ತರ’ ಎಂದು ಗೀಚಿ ಮುಂದೆ ಹೋಗಬೇಡಿ. ಎತ್ತರ ಬೇಕೋ, ಎತ್ತರ ಬದಲಾಗುತ್ತಿರುವ ದಿಕ್ಕು ಬೇಕೋ, ಇನ್ನು ಎರಡು ನಿಮಿಷಕ್ಕೆ ಎಷ್ಟಿರುತ್ತದೆ ಎಂಬುದು ಬೇಕೋ ಎಂದು ಬಿಡಿಸಿ ಬರೆಯಿರಿ. ಸಂಶೋಧಕಿ ಮಿಕಾ ಎಂಡ್‌ಸ್ಲೀ 1995ರಲ್ಲಿ ವಿವರಿಸಿದ ‘ಸನ್ನಿವೇಶದ ಅರಿವು’ ಮಾದರಿಯ ಮೂರು ಮೆಟ್ಟಿಲುಗಳೂ ಇವೇ: ಕಾಣುವುದು, ಅರ್ಥ ಮಾಡಿಕೊಳ್ಳುವುದು, ಮುಂದೇನೆಂದು ಊಹಿಸುವುದು. ಕೆಟ್ಟ ಪರದೆಗಳು ಮೊದಲ ಮೆಟ್ಟಿಲಿನಲ್ಲೇ ನಿಂತು, ಉಳಿದೆರಡನ್ನು ಆಪರೇಟರನ ತಲೆಗೆ ಕಟ್ಟುತ್ತವೆ.

ಪಟ್ಟಿಗಾಗಿ ಅಧಿಕಾರಿಗಳನ್ನಷ್ಟೇ ಕೇಳಿದರೆ ಕೈಪಿಡಿಯಲ್ಲಿರುವುದನ್ನೇ ಒಪ್ಪಿಸುತ್ತಾರೆ. ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಬೇಕಾದರೆ ಪಾಳಿಯಲ್ಲಿ ಹೋಗಿ ಕೂರಬೇಕು. ಕನ್ಸೋಲಿಗೆ ಅಂಟಿಸಿದ ಚೀಟಿಗಳು, ಪರದೆಯ ಮೇಲೆ ಮಾರ್ಕರ್‌ನಲ್ಲಿ ಎಳೆದ ಗೆರೆಗಳು, ಪಕ್ಕದಲ್ಲಿಟ್ಟ ನೋಟ್‌ಬುಕ್, ಇವನ್ನೆಲ್ಲ ಅನುಮತಿ ಪಡೆದು ದಾಖಲಿಸಿಕೊಳ್ಳಿ. ಹಳೆಯ ವ್ಯವಸ್ಥೆ ಕೊಡದೇ ಹೋದದ್ದೇನು ಎಂಬುದಕ್ಕೆ ಆ ಚೀಟಿಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಚಿಹ್ನೆಗಳನ್ನು ನಾವೇ ಚೆಂದಗೆ ಬಿಡಿಸಬಹುದೇ?

ಬೇಡ. ಅಮೆರಿಕದ ಮಿಲ್-ಎಸ್‌ಟಿಡಿ-2525, ನೇಟೋದ ಎಪಿಪಿ-6 ಎಂಬ ಮಾನದಂಡಗಳಿವೆ; ಎರಡರ ತಳಹದಿ ಹೆಚ್ಚುಕಡಿಮೆ ಒಂದೇ. ಭೂಸೇನಾ ತುಕಡಿಗಳ ಚೌಕಟ್ಟಿನಲ್ಲಿ ಮಿತ್ರರಿಗೆ ನೀಲಿ ಆಯತ, ಶತ್ರುವಿಗೆ ಕೆಂಪು ವಜ್ರಾಕೃತಿ, ತಟಸ್ಥರಿಗೆ ಹಸಿರು ಚೌಕ, ಗುರುತು ಸಿಗದವರಿಗೆ ಹಳದಿಯ ನಾಲ್ಕೆಸಳಿನ ಆಕಾರ. ಬಣ್ಣ ಮತ್ತು ಆಕಾರ ಎರಡೂ ಒಂದೇ ಮಾತನ್ನು ಹೇಳುವುದರಿಂದ ಬಣ್ಣ ಕಾಣದಿದ್ದರೂ ಗುರುತು ಉಳಿಯುತ್ತದೆ. ಉತ್ತರ ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು 8 ಪ್ರತಿಶತ ಮಂದಿಗೆ ಕೆಂಪು-ಹಸಿರು ಬಣ್ಣಗಳ ದೋಷವಿದೆ. ಕಪ್ಪು-ಬಿಳುಪು ಪ್ರಿಂಟ್ ತೆಗೆದಾಗ, ಬಿಸಿಲು ಬಿದ್ದಾಗ ಎಲ್ಲರೂ ಬಣ್ಣಗುರುಡರೇ.

ಮಾನದಂಡ ಹೇಳದ ಒಂದು ತೊಂದರೆ ಇದೆ: ಗಿಜಿಗಿಜಿ. ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸುವಾಗ ಚಿಹ್ನೆಗಳು ಒಂದರ ಮೇಲೊಂದು ಕೂರುತ್ತವೆ. ಅವನ್ನು ಗುಂಪು ಮಾಡುವುದು ಸರಿಯೇ, ಆದರೆ ಗುಂಪಿನಲ್ಲಿ ಒಂದೇ ಒಂದು ಶತ್ರು ಟ್ರ್ಯಾಕ್ (ಸೆನ್ಸರ್ ಬೆನ್ನುಹತ್ತಿರುವ ಒಂದು ವಸ್ತುವಿನ ಗುರುತು) ಇದ್ದರೂ ಗುಂಪಿನ ಗುರುತು ಅದನ್ನು ಹೇಳಲೇಬೇಕು. ಬಹುಮತ ನೋಡಿ ಬಣ್ಣ ಹಚ್ಚುವ ಕೋಡ್ ಬರೆದರೆ ಹತ್ತು ನೀಲಿಗಳ ನಡುವೆ ಒಂದು ಕೆಂಪು ಮಾಯವಾಗುತ್ತದೆ.

ಅಕ್ಷರ ಎಷ್ಟು ದೊಡ್ಡದಿರಬೇಕು? ಕತ್ತಲಲ್ಲಿ ಯಾವ ಬೆಳಕು?

ಪಾಯಿಂಟ್ ಲೆಕ್ಕ ಬಿಟ್ಟು ಕಣ್ಣಿಗೆ ಬೀಳುವ ಕೋನದ ಲೆಕ್ಕ ಹಿಡಿಯಿರಿ. ಅಕ್ಷರದ ಎತ್ತರ ಕನಿಷ್ಠ 16 ಆರ್ಕ್ ಮಿನಿಟ್ (ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗವೇ ಆರ್ಕ್ ಮಿನಿಟ್), ತುರ್ತಾಗಿ ಓದಬೇಕಾದ್ದು 20. ಕಣ್ಣು 60 ಸೆಂ.ಮೀ. ದೂರದಲ್ಲಿದ್ದರೆ ಇದು 2.8 ಮತ್ತು 3.5 ಮಿ.ಮೀ. ಐದು ಮೀಟರ್ ಆಚೆಯ ಗೋಡೆ ಪರದೆಯಲ್ಲಿ 20 ಆರ್ಕ್ ಮಿನಿಟ್ ಎಂದರೆ ಸುಮಾರು 29 ಮಿ.ಮೀ. ಕನ್ಸೋಲಿನ ಚಿತ್ರವನ್ನೇ ಗೋಡೆಗೆ ಎಸೆದು ‘ದೊಡ್ಡ ಪರದೆ’ ಎಂದು ಬೀಗುವವರು ಈ ಒಂದು ಲೆಕ್ಕ ಮಾಡಿದರೆ ಸಾಕು. ಓಡುವ ವಾಹನದಲ್ಲಿ ಕುಲುಕಾಟ ಇರುವುದರಿಂದ ಇದಕ್ಕೂ ದೊಡ್ಡದು ಬೇಕು, ಅದನ್ನು ವಾಹನದಲ್ಲೇ ಕೂತು ನೋಡಬೇಕು.

ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ, ಒಂದು ಬಿಳಿ ಪಾಪ್-ಅಪ್ ಕ್ಷಣದಲ್ಲಿ ಅದನ್ನು ಕೆಡಿಸುತ್ತದೆ. ಬರಿಗಣ್ಣಿಗೆ ಮಂದ ಕೆಂಪು ಬೆಳಕು ಹಿತ. ಆದರೆ ರಾತ್ರಿ-ದೃಷ್ಟಿ ಕನ್ನಡಕ ಕೆಂಪು ಮತ್ತು ಅದರಾಚೆಯ ಬೆಳಕಿಗೇ ಹೆಚ್ಚು ಮಿಡಿಯುವುದರಿಂದ ಕೆಂಪು ಪರದೆ ಅದರ ನೋಟವನ್ನು ಮಸುಕುಗೊಳಿಸುತ್ತದೆ. ಕನ್ನಡಕ ಹಾಕುವ ಕಡೆ ಮಿಲ್-ಎಸ್‌ಟಿಡಿ-3009 ಮಾನದಂಡ ಒಪ್ಪುವ ಬೆಳಕೇ ಬೇಕು. ಸಾಫ್ಟ್‌ವೇರಿನಲ್ಲಿ ‘ಡಾರ್ಕ್ ಮೋಡ್’ ಕೊಟ್ಟ ಮಾತ್ರಕ್ಕೆ ಅದು ಆಗುವುದಿಲ್ಲ, ಪರದೆಯ ಹಿಂದಿನ ಬೆಳಕಿಗೇ ಫಿಲ್ಟರ್ ಬೇಕಾಗುತ್ತದೆ.

ಮಾಹಿತಿ ಹಳತಾಗಿದೆ ಎಂದು ಹೇಗೆ ತೋರಿಸುವುದು?

ಎಲ್ಲಕ್ಕಿಂತ ಹೆಚ್ಚು ಸಲ ಕೆಡುವುದು ಇದೇ. ಜಾಲ ಕಡಿದಾಗ ಚಿಹ್ನೆ ಕೊನೆಯ ಜಾಗದಲ್ಲೇ ಗಟ್ಟಿಯಾಗಿ, ಅಷ್ಟೇ ಹೊಳಪಾಗಿ ನಿಂತಿರುತ್ತದೆ. ನೋಡುವವನಿಗೆ ‘ಅಲ್ಲೇ ನಿಂತಿದೆ’ ಎನಿಸುತ್ತದೆ. ಗಂಟೆಗೆ 40 ಕಿ.ಮೀ. ವೇಗದ ವಾಹನದ ಮಾಹಿತಿ 90 ಸೆಕೆಂಡ್ ಹಳತಾದರೆ ಅದು ಒಂದು ಕಿ.ಮೀ. ಆಚೆ ಹೋಗಿರಬಹುದು. ಸೆಕೆಂಡಿಗೆ 250 ಮೀಟರ್ ಹಾರುವ ವಿಮಾನ 12 ಸೆಕೆಂಡಿನಲ್ಲಿ 3 ಕಿ.ಮೀ. ದಾಟುತ್ತದೆ. ಹಾಗಾಗಿ ‘ಹಳತು’ ಎಂಬುದಕ್ಕೆ ಎಲ್ಲಕ್ಕೂ ಒಂದೇ ಸೆಕೆಂಡು ಗೊತ್ತುಮಾಡಬೇಡಿ. ಆ ತೀರ್ಮಾನಕ್ಕೆ ಎಷ್ಟು ದೂರದ ತಪ್ಪನ್ನು ತಾಳಿಕೊಳ್ಳಬಹುದೋ ಅದನ್ನು ವೇಗದಿಂದ ಭಾಗಿಸಿ ಬಂದದ್ದೇ ಮಿತಿ.

ತೋರಿಸುವ ಬಗೆ: ಮಿತಿ ಹತ್ತಿರವಾದಂತೆ ಚಿಹ್ನೆಯ ಒಳಗಿನ ಬಣ್ಣ ತಿಳಿಯಾಗಲಿ, ಪಕ್ಕದಲ್ಲಿ ‘1:30’ ಎಂದು ವಯಸ್ಸು ಕಾಣಲಿ, ಸುತ್ತಲಿನ ಅನಿಶ್ಚಿತತೆಯ ವೃತ್ತ ಹಿಗ್ಗುತ್ತಾ ಹೋಗಲಿ. ಚೌಕಟ್ಟಿನ ಗೆರೆಯನ್ನು ಮಾತ್ರ ತುಂಡು ಮಾಡಬೇಡಿ. ಚಿಹ್ನೆ ಮಾನದಂಡದಲ್ಲಿ ತುಂಡು ಗೆರೆಯ ಚೌಕಟ್ಟಿಗೆ ಬೇರೆ ಅರ್ಥಗಳಿವೆ, ಯೋಜಿತ ಸ್ಥಾನಕ್ಕೂ ಅದೇ ಬಳಕೆಯಲ್ಲಿದೆ. ಹಳತಾದ ಟ್ರ್ಯಾಕ್ ಅನ್ನು ಸದ್ದಿಲ್ಲದೆ ಅಳಿಸುವುದು ಇನ್ನೂ ಕೆಟ್ಟದ್ದು. ಆಪರೇಟರ್‌ಗೆ ‘ಅಲ್ಲಿ ಏನೂ ಇಲ್ಲ’ ಎಂದು ಹೇಳಿದಂತಾಗುತ್ತದೆ.

ಚಿಕ್ಕ ಸಂಖ್ಯೆಯೊಂದು ಅಷ್ಟೊಂದು ಅನಾಹುತ ಮಾಡೀತೇ?

1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನ್ ಏರ್ 655 ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. 290 ಜನ ಸತ್ತರು. ನೌಕೆಯ ದಾಖಲೆ ಟೇಪುಗಳಲ್ಲಿ ವಿಮಾನ ಏರುತ್ತಲೇ ಇತ್ತು, ಆದರೆ ಕೋಣೆಯೊಳಗಿನ ಕೆಲವರು ‘ಇಳಿಯುತ್ತಿದೆ’ ಎಂದು ವರದಿ ಮಾಡಿದರು. ದೊಡ್ಡ ಪರದೆಯಲ್ಲಿ ಎತ್ತರ ಇರಲಿಲ್ಲ. ಪಕ್ಕದ ಸಣ್ಣ ಪರದೆಯಲ್ಲಿ ಬರೀ ಅಂಕಿ ಬರುತ್ತಿತ್ತು, ಏರಿಕೆಯೋ ಇಳಿಕೆಯೋ ತಿಳಿಯಲು ಹಿಂದಿನ ಅಂಕಿಯನ್ನು ನೆನಪಿಟ್ಟು ಮನಸ್ಸಿನಲ್ಲೇ ಕಳೆಯಬೇಕಿತ್ತು. ಗದ್ದಲ, ಸಮುದ್ರದ ಮೇಲೆ ನಡೆಯುತ್ತಿದ್ದ ಕಾಳಗ, ಉಳಿದಿದ್ದ ಕೆಲವೇ ನಿಮಿಷ, ಇವುಗಳ ನಡುವೆ ಆ ಕಳೆಯುವ ಲೆಕ್ಕ ನಿಲ್ಲಲಿಲ್ಲ. ಮೇಲೊಂದು ತೊಡಕೆಂದರೆ ವಿಮಾನಕ್ಕೆ ಮೊದಲು ಸಿಕ್ಕಿದ್ದ ಟ್ರ್ಯಾಕ್ ಸಂಖ್ಯೆ 4474 ನಡುವೆ 4131 ಆಗಿ ಬದಲಾಗಿತ್ತು, ಹಳೆಯ ಸಂಖ್ಯೆ ಬೇರೊಂದು ವಿಮಾನಕ್ಕೆ ಹೋಗಿತ್ತು.

ಪಾಠಗಳು ನೇರವಾಗಿವೆ. ಅಂಕಿಯ ಪಕ್ಕ ಏರಿಕೆ-ಇಳಿಕೆಯ ಬಾಣ, ಜೊತೆಗೆ ಕಳೆದ ಒಂದೆರಡು ನಿಮಿಷದ ಕಿರುಗೆರೆ ಇರಲಿ. ಟ್ರ್ಯಾಕ್ ಸಂಖ್ಯೆ ಬದಲಾದರೆ ಹಳೆಯದು ಕೆಲವು ನಿಮಿಷ ‘ಹಿಂದಿನದು 4474’ ಎಂದು ಜೊತೆಗೇ ಕಾಣಲಿ, ಬಿಡುಗಡೆಯಾದ ಸಂಖ್ಯೆ ಒಂದು ಗೊತ್ತಾದ ಅವಧಿಯವರೆಗೆ ಯಾರಿಗೂ ಸಿಗದಿರಲಿ. ಹಳೆಯ ಸಂಖ್ಯೆಯನ್ನು ಹುಡುಕಿದವರಿಗೆ ಹೊಸ ಟ್ರ್ಯಾಕೇ ಸಿಗಬೇಕು.

ಕೋಆರ್ಡಿನೇಟ್ ನಮೂದಿಸುವಲ್ಲಿ ಏನೇನು ತಪ್ಪುತ್ತದೆ?

ಎಂಜಿಆರ್‌ಎಸ್‌ನಲ್ಲಿ (ನಕ್ಷೆಯನ್ನು ಚೌಕಗಳಾಗಿ ಹಂಚಿ ಸ್ಥಾನ ಹೇಳುವ ಸೇನಾ ಪದ್ಧತಿ) ಆರು ಅಂಕಿ ಎಂದರೆ 100 ಮೀಟರ್, ಎಂಟು ಎಂದರೆ 10, ಹತ್ತು ಎಂದರೆ 1 ಮೀಟರ್ ನಿಖರತೆ. ಆರಂಕಿ ನಮೂದಿಸಿದವರಿಗೆ ಸಾಫ್ಟ್‌ವೇರ್ ಸೊನ್ನೆ ತುಂಬಿ ಹತ್ತಂಕಿ ಮಾಡಿ ತೋರಿಸಿದರೆ ಇಲ್ಲದ ನಿಖರತೆಯನ್ನು ಹುಟ್ಟಿಸಿದ ಹಾಗಾಯಿತು. ನಮೂದಿಸಿದಷ್ಟನ್ನೇ ತೋರಿಸಿ, ನಕ್ಷೆಯ ಮೇಲೆ 100 ಮೀಟರಿನ ಚೌಕ ಎಳೆಯಿರಿ.

ಕೋನ ಅಳೆಯುವ ‘ಮಿಲ್’ ಎಂಬ ಮಾನ ಇನ್ನೊಂದು ಬಲೆ. ನೇಟೋ ಪದ್ಧತಿಯಲ್ಲಿ ಒಂದು ಪೂರ್ತಿ ಸುತ್ತು ಎಂದರೆ 6400 ಮಿಲ್, ಸೋವಿಯತ್ ಪದ್ಧತಿಯಲ್ಲಿ 6000. ನೇಟೋ ಲೆಕ್ಕದ 1600 ಎಂದರೆ 90 ಡಿಗ್ರಿ. ಅದನ್ನೇ 6000ದ ಉಪಕರಣಕ್ಕೆ ಕೊಟ್ಟರೆ 96 ಡಿಗ್ರಿ. ಹತ್ತು ಕಿ.ಮೀ. ದೂರದಲ್ಲಿ ಆ ಆರು ಡಿಗ್ರಿ ಒಂದು ಕಿ.ಮೀ.ಗೂ ಹೆಚ್ಚು ತಪ್ಪಿಸುತ್ತದೆ. ಕೋನವನ್ನು ಅಳೆದ ಉತ್ತರ ದಿಕ್ಕು ನಿಜ ಉತ್ತರವೋ, ನಕ್ಷೆಯ ಗ್ರಿಡ್ ಉತ್ತರವೋ, ದಿಕ್ಸೂಚಿ ತೋರುವ ಕಾಂತೀಯ ಉತ್ತರವೋ ಎಂಬುದೂ ಸಂಖ್ಯೆಗೆ ಅಂಟಿಕೊಂಡೇ ಇರಬೇಕು, ಸೆಟ್ಟಿಂಗ್ಸ್ ಪುಟದಲ್ಲಿ ಅಡಗಿರಬಾರದು.

2001ರ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಗುರಿ ಸೂಚಿಸುತ್ತಿದ್ದ ಸೈನಿಕನ ಜಿಪಿಎಸ್ ಸಾಧನದ ಬ್ಯಾಟರಿ ಬದಲಿಸಿದಾಗ ಅದು ಗುರಿಯ ಬದಲು ತನ್ನದೇ ಸ್ಥಾನವನ್ನು ತೋರಿಸಿತು. ಆ ಸ್ಥಾನಕ್ಕೇ ಬಾಂಬ್ ಬಿತ್ತು, ಮೂವರು ಅಮೆರಿಕನ್ ಸೈನಿಕರೂ ಜೊತೆಗಿದ್ದ ಅಫ್ಘನ್ನರೂ ಸತ್ತರು. ಮರುಚಾಲನೆಯಾದ ಮೇಲೆ ಗುರಿಯ ಜಾಗ ಖಾಲಿ ಇರಲಿ. ಖಾಲಿ ಜಾಗ ಯಾರನ್ನೂ ಕೊಲ್ಲುವುದಿಲ್ಲ. ಗುರಿಯೂ ಸ್ವಂತ ಸ್ಥಾನವೂ ಹತ್ತಿರ ಬಂದರೆ ‘ಗುರಿ ನಿಮ್ಮಿಂದ 0 ಮೀಟರ್’ ಎಂದು ದೂರ ಹೇಳಿ ತಡೆಯಬೇಕು.

ಎಚ್ಚರಿಕೆಗಳು ಎಷ್ಟಿರಬೇಕು?

ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳ ಅನುಭವದಿಂದ ಬಂದ ಅಳತೆ: ಸಹಜ ಹೊತ್ತಿನಲ್ಲಿ ಹತ್ತು ನಿಮಿಷಕ್ಕೆ ಒಂದು ಎಚ್ಚರಿಕೆ ಸರಿ, ಹತ್ತು ದಾಟಿದರೆ ಅದು ಪ್ರವಾಹ. ಕಮಾಂಡ್ ಕೇಂದ್ರಕ್ಕೆ ಇದನ್ನು ಹಾಗೇ ಅನ್ವಯಿಸಲಾಗದು, ಆದರೆ ಎಣಿಸುವ ರೂಢಿಯನ್ನು ಎರವಲು ತನ್ನಿ. ಒಂದು ಪಾಳಿಯ ಲಾಗ್ ತೆಗೆದು, ಪ್ರತಿ ಎಚ್ಚರಿಕೆಯ ಎದುರು ‘ಇದಕ್ಕೆ ಆಪರೇಟರ್ ಏನು ಮಾಡಿದ?’ ಎಂದು ಬರೆಯಿರಿ. ‘ಒಪ್ಪಿ ಮುಚ್ಚಿದ’ ಎಂಬುದೊಂದೇ ಉತ್ತರವಾದ ಬಗೆಯನ್ನು ಎಚ್ಚರಿಕೆಯ ಪಟ್ಟಿಯಿಂದ ತೆಗೆದು ಸ್ಥಿತಿಯ ಪಟ್ಟಿಗೆ ಹಾಕಿ.

ಮಿನುಗುವ ವೇಗದಲ್ಲಿ ಎರಡು ಬಗೆಗಿಂತ ಹೆಚ್ಚು ಬೇಡ. ಮಿನುಗುವ ಅಕ್ಷರ ಓದಲಾಗದು, ಪಕ್ಕದ ಗುರುತು ಮಿನುಗಲಿ, ಅಕ್ಷರ ನಿಂತಿರಲಿ.

‘ಖಚಿತವೇ?’ ಎಂದು ಕೇಳಿದರೆ ಸುರಕ್ಷಿತವಲ್ಲವೇ?

ದಿನಕ್ಕೆ ನೂರು ಸಲ ‘ಖಚಿತವೇ?’ ಎಂದು ಕೇಳಿದರೆ ಬೆರಳು ತಾನಾಗಿ ‘ಹೌದು’ ಒತ್ತುತ್ತದೆ. 2018ರ ಜನವರಿ 13ರಂದು ಹವಾಯಿಯಲ್ಲಿ ಕ್ಷಿಪಣಿ ದಾಳಿಯ ಸುಳ್ಳು ಎಚ್ಚರಿಕೆ ಜನರ ಫೋನುಗಳಿಗೆ ಹೋಯಿತು, ತಿದ್ದುಪಡಿ ತಲುಪಲು 38 ನಿಮಿಷ ಹಿಡಿಯಿತು. ಅಭ್ಯಾಸದ ಸಂದೇಶಕ್ಕೂ ನಿಜವಾದದ್ದಕ್ಕೂ ದೃಢೀಕರಣದ ಪ್ರಶ್ನೆ ಒಂದೇ ಆಗಿತ್ತು. ಹಾಗೆಂದು ಎಲ್ಲ ತಪ್ಪನ್ನೂ ಪರದೆಯ ತಲೆಗೆ ಕಟ್ಟಲಾಗದು. ಅಭ್ಯಾಸದ ಕರೆಯಲ್ಲಿ ‘ಇದು ಅಭ್ಯಾಸವಲ್ಲ’ ಎಂಬ ಮಾತು ನುಸುಳಿತ್ತು.

ಹೀಗೆ ಬರೆಯಿರಿ: ಪೆಟ್ಟಿಗೆಯ ಶೀರ್ಷಿಕೆ ‘ನಿಜವಾದ ಎಚ್ಚರಿಕೆ’, ಕೆಳಗೆ ಯಾರಿಗೆ, ಎಷ್ಟು ಜನರಿಗೆ, ಯಾವ ಪದಗಳು ಹೋಗುತ್ತವೆ ಎಂಬ ವಿವರ, ಗುಂಡಿಯ ಮೇಲೆ ‘ಹೌದು’ ಬದಲು ‘ನಿಜ ಎಚ್ಚರಿಕೆ ಕಳುಹಿಸು’. ಅಭ್ಯಾಸ ನಡೆಯುವಾಗ ಪರದೆಯ ನಾಲ್ಕೂ ಅಂಚಿಗೆ ಬೇರೆ ಬಣ್ಣದ ಪಟ್ಟಿ, ಪ್ರತಿ ಅಭ್ಯಾಸದ ಟ್ರ್ಯಾಕಿಗೂ ತನ್ನದೇ ಗುರುತು. 1979ರ ನವೆಂಬರ್ 9ರಂದು ಉತ್ತರ ಅಮೆರಿಕದ ವಾಯುರಕ್ಷಣಾ ಕಮಾಂಡ್ ನೋರಾಡ್‌ನಲ್ಲಿ ತರಬೇತಿಯ ದಾಳಿ ದೃಶ್ಯ ನಿಜವಾದ ಪರದೆಗಳಿಗೆ ಹರಿದು ಬಂದಿತ್ತು. ಅಭ್ಯಾಸದ ಗುರುತು ಪರದೆಯಲ್ಲಿ ಬಳಿಯುವ ಬಣ್ಣವಾಗಿರದೆ, ದತ್ತಾಂಶದ ಒಳಗೇ ಕೂತು ಎಲ್ಲಿಗೆ ಹೋದರೂ ಜೊತೆಗೆ ಹೋಗಬೇಕು ಎನ್ನುವುದು ಇದಕ್ಕೇ.

ಗುಂಡಿ, ಸನ್ನೆಗೋಲುಗಳನ್ನೆಲ್ಲ ಟಚ್‌ಸ್ಕ್ರೀನಿಗೆ ತರಬಹುದೇ?

ನಕ್ಷೆ ನೋಡಲು, ಪಟ್ಟಿ ಆರಿಸಲು ಟಚ್ ಚೆನ್ನಾಗಿದೆ. ನೋಡದೆಯೇ ಕೈಯಿಂದ ಮಾಡಬೇಕಾದ ಕೆಲಸಕ್ಕೆ ಅಲ್ಲ. 2017ರ ಆಗಸ್ಟ್ 21ರಂದು ಅಮೆರಿಕದ ಜಾನ್ ಎಸ್. ಮೆಕ್‌ಕೇನ್ ನೌಕೆ ಸಿಂಗಪುರದ ಬಳಿ ಟ್ಯಾಂಕರ್‌ಗೆ ಡಿಕ್ಕಿಯಾಗಿ ಹತ್ತು ನಾವಿಕರು ಸತ್ತರು. ವೇಗದ ಹಿಡಿತವನ್ನಷ್ಟೇ ಪಕ್ಕದ ಕನ್ಸೋಲಿಗೆ ಕೊಡಲು ಹೋಗಿ ಚುಕ್ಕಾಣಿಯೂ ಅಲ್ಲಿಗೆ ಹೋಗಿತ್ತು. ಚುಕ್ಕಾಣಿ ಕೈತಪ್ಪಿತೆಂದು ಚಾಲಕ ಭಾವಿಸಿದ. ಎರಡೂ ಪ್ರೊಪೆಲ್ಲರುಗಳ ಹಿಡಿತ ಜೋಡಣೆಯಾಗಿರದೆ, ವೇಗ ತಗ್ಗಿಸಿದಾಗ ಎಡಗಡೆಯದು ಮಾತ್ರ ತಗ್ಗಿತು. ಆಮೇಲೆ ಆ ನೌಕಾಪಡೆ ಇಂಥ ನೌಕೆಗಳಿಗೆ ಕೈಯಲ್ಲಿ ಹಿಡಿದು ಸರಿಸುವ ಥ್ರಾಟಲ್ (ವೇಗದ ಸನ್ನೆಗೋಲು) ಮತ್ತೆ ಹಾಕುವುದಾಗಿ ಹೇಳಿತು.

ಹಿಡಿತ ಯಾರ ಬಳಿ ಇದೆ ಎಂಬುದು ಎಲ್ಲ ಕನ್ಸೋಲಿನಲ್ಲೂ ಒಂದೇ ಜಾಗದಲ್ಲಿ, ಹೆಸರಿನ ಸಮೇತ ಇರಲಿ. ಹಸ್ತಾಂತರಕ್ಕೆ ಕೊಡುವವನೂ ಪಡೆಯುವವನೂ ಇಬ್ಬರೂ ಒತ್ತಬೇಕು.

ಸಾಫ್ಟ್‌ವೇರೇ ಶತ್ರು ಎಂದು ಗುರುತಿಸಿ ಹೇಳಿದರೆ?

ಹೇಳಲಿ, ಆದರೆ ಯಾಕೆಂದೂ ಹೇಳಲಿ. 2003ರ ಇರಾಕ್ ಯುದ್ಧದಲ್ಲಿ ಅಮೆರಿಕದ ವಾಯುರಕ್ಷಣಾ ಕ್ಷಿಪಣಿಗಳ ಪೇಟ್ರಿಯಟ್ ವ್ಯವಸ್ಥೆ ಬ್ರಿಟನ್ನಿನ ಟೊರ್ನಾಡೊ ಯುದ್ಧವಿಮಾನ ಒಂದನ್ನು ರೇಡಾರ್ ನಾಶಕ ಕ್ಷಿಪಣಿ ಎಂದು ವರ್ಗೀಕರಿಸಿತು. ಮಾರ್ಚ್ 23ರಂದು ಅದನ್ನು ಹೊಡೆದಾಗ ಇಬ್ಬರು ಸತ್ತರು, ಏಪ್ರಿಲ್ 2ರಂದು ಅಮೆರಿಕದ್ದೇ ಎಫ್/ಎ-18 ಬಲಿಯಾಯಿತು. ‘ಶತ್ರು, 87%’ ಎಂಬ ಲೇಬಲ್ ಯಾರಿಗೂ ಏನನ್ನೂ ಹೇಳುವುದಿಲ್ಲ. ಪರವಾಗಿ ಇರುವ ಸಾಕ್ಷ್ಯ, ವಿರುದ್ಧವಾಗಿ ಇರುವ ಸಾಕ್ಷ್ಯ, ಇನ್ನೂ ಬಾರದ ಸಾಕ್ಷ್ಯ, ಈ ಮೂರೂ ಒಂದೇ ಕಣ್ಣೋಟಕ್ಕೆ ಸಿಗಬೇಕು. ‘ಗುರುತಿನ ಸಂಕೇತಕ್ಕೆ ಉತ್ತರ ಬಂದಿಲ್ಲ’ ಎಂಬುದನ್ನು ‘ಶತ್ರು ಎಂಬ ಉತ್ತರ ಬಂದಿದೆ’ ಎಂಬಂತೆ ತೋರಿಸುವ ಪರದೆ ಅಪಾಯಕಾರಿ.

ಪರೀಕ್ಷೆಗೆ ಎಷ್ಟು ಜನ ಬೇಕು, ಯಾರು ಬೇಕು?

ಕಾಗದದ ಅಥವಾ ಕ್ಲಿಕ್ ಮಾಡುವ ಮಾದರಿಯಲ್ಲಿ ದೋಷ ಹುಡುಕಲು ಪ್ರತಿ ಹುದ್ದೆಗೆ ಐದಾರು ಮಂದಿ ಸಾಕು, ತಿದ್ದಿ ಮತ್ತೆ ಐದಾರು. ‘ಹೊಸದು ಹಳತಿಗಿಂತ ಮೇಲು’ ಎಂದು ಅಂಕಿ ಕೊಡಬೇಕಾದರೆ ಇಪ್ಪತ್ತರ ಆಸುಪಾಸಿನಿಂದ ಮೇಲೆ ಬೇಕಾಗುತ್ತದೆ, ಎಷ್ಟೆಂಬುದು ನೀವು ಹಿಡಿಯಬೇಕೆಂದಿರುವ ವ್ಯತ್ಯಾಸದ ಗಾತ್ರವನ್ನು ಅವಲಂಬಿಸುತ್ತದೆ. ಅಷ್ಟು ಆಪರೇಟರುಗಳು ಸಿಗುವುದು ಕಷ್ಟ. ಆದ್ದರಿಂದ ಒಬ್ಬರೇ ಎರಡೂ ಪರದೆ ಬಳಸುವ ಹಾಗೆ ಯೋಜಿಸಿ, ಅರ್ಧದಷ್ಟು ಮಂದಿ ಹಳತಿನಿಂದ, ಅರ್ಧದಷ್ಟು ಹೊಸತರಿಂದ ಆರಂಭಿಸಲಿ.

ಹಳೆಯ ವ್ಯವಸ್ಥೆಯಲ್ಲಿ ಹತ್ತು ವರ್ಷ ಪಳಗಿದವರು ಹೊಸದರಲ್ಲಿ ಮೊದಲ ದಿನ ಎಡವುತ್ತಾರೆ. ಅದನ್ನು ವಿನ್ಯಾಸದ ದೋಷವೆಂದು ಬರೆಯಬೇಡಿ. ಮೊದಲೇ ಒಂದು ಕುಶಲತೆಯ ಗೆರೆ ಹಾಕಿ, ಅದನ್ನು ಮುಟ್ಟುವವರೆಗೆ ತರಬೇತಿ ಕೊಟ್ಟು ಆಮೇಲೆ ಅಳೆಯಿರಿ. ಇನ್ನೊಂದು ಮಾತು: ಮೇಲಧಿಕಾರಿ ಹಿಂದೆ ನಿಂತಿದ್ದರೆ ಯಾರೂ ‘ನನಗೆ ಅರ್ಥವಾಗಲಿಲ್ಲ’ ಎನ್ನುವುದಿಲ್ಲ. ಅವರನ್ನು ಬೇರೆ ಕೋಣೆಗೆ ಕಳಿಸಿ.

ಸನ್ನಿವೇಶದ ಅರಿವನ್ನು ಅಳೆಯುವುದು ಹೇಗೆ?

ಹೆಚ್ಚು ಬಳಕೆಯಲ್ಲಿರುವುದು ಸ್ಯಾಗ್ಯಾಟ್ ವಿಧಾನ. ಸಿಮ್ಯುಲೇಶನ್ ನಡೆಯುತ್ತಿರುವಾಗ ಯಾರೂ ಊಹಿಸದ ಗಳಿಗೆಯಲ್ಲಿ ನಿಲ್ಲಿಸಿ, ಎಲ್ಲ ಪರದೆಗಳನ್ನೂ ಖಾಲಿ ಮಾಡಿ, ಪ್ರಶ್ನೆ ಕೇಳುವುದು. ಶುರುವಿನ ಮೂರರಿಂದ ಐದು ನಿಮಿಷ ನಿಲ್ಲಿಸಬೇಡಿ, ಎರಡು ನಿಲುಗಡೆಗಳ ನಡುವೆ ಒಂದು ನಿಮಿಷಕ್ಕಿಂತ ಕಡಿಮೆ ಇರಬಾರದು. ಖಾಲಿ ನಕ್ಷೆ ಕೊಟ್ಟು ‘ಟ್ರ್ಯಾಕುಗಳನ್ನು ಗುರುತು ಮಾಡಿ’ ಎನ್ನುವುದು ಮೊದಲ ಮೆಟ್ಟಿಲು, ‘ಯಾವುದು ನಿಮಗೆ ಹೆಚ್ಚು ಅಪಾಯಕಾರಿ?’ ಎರಡನೆಯದು, ‘ಎರಡು ನಿಮಿಷದಲ್ಲಿ ಯಾವುದು ವಲಯದೊಳಗೆ ಬರುತ್ತದೆ?’ ಮೂರನೆಯದು. ಉತ್ತರವನ್ನು ಸಿಮ್ಯುಲೇಟರಿನ ನಿಜಸ್ಥಿತಿಯೊಂದಿಗೆ ಹೋಲಿಸಬೇಕು, ಪರದೆಯಲ್ಲಿದ್ದುದರ ಜೊತೆಗಲ್ಲ. ಈ ಎರಡರ ಅಂತರದಲ್ಲೇ ಪರದೆಯ ಸುಳ್ಳು ಹೊರಬೀಳುತ್ತದೆ.

ಪ್ರಶ್ನೆಗಳು ಮೊದಲೇ ಗೊತ್ತಾದರೆ ಜನ ಅವನ್ನೇ ಉರುಹೊಡೆದು ಕೂರುತ್ತಾರೆ. ಮೇಲೆ ಹೇಳಿದ ಗುರಿಗಳ ಪಟ್ಟಿಯಿಂದ ಮೂವತ್ತು ನಲವತ್ತು ಪ್ರಶ್ನೆ ಮಾಡಿಟ್ಟುಕೊಂಡು, ಪ್ರತಿ ಸಲ ಕೆಲವನ್ನು ಆರಿಸಿ.

ನಾಸಾ-ಟಿಎಲ್‌ಎಕ್ಸ್, ಎಸ್‌ಯುಎಸ್ ಎರಡೂ ಬೇಕೇ?

ಎರಡೂ ಕೆಲಸ ಮುಗಿದ ಮೇಲೆ ಆಪರೇಟರ್ ತುಂಬುವ ಪ್ರಶ್ನಾವಳಿಗಳು. ಎರಡೂ ಅಗ್ಗ, ಆದರೆ ಅಳೆಯುವುದು ಬೇರೆ ಬೇರೆ. 1988ರ ನಾಸಾ-ಟಿಎಲ್‌ಎಕ್ಸ್ ಕೆಲಸದ ಹೊರೆಯನ್ನು ಆರು ಮುಖಗಳಲ್ಲಿ ಕೇಳುತ್ತದೆ: ಮಾನಸಿಕ, ದೈಹಿಕ, ಸಮಯದ ಒತ್ತಡ, ಸಾಧನೆ, ಶ್ರಮ, ಹತಾಶೆ. ಸಾಧನೆಯ ಗೆರೆಯ ಎಡತುದಿ ‘ಪರಿಪೂರ್ಣ’, ಬಲತುದಿ ‘ವಿಫಲ’. ತಿರುಗಾಮುರುಗಾ ಗುರುತು ಹಾಕುವವರು ಪ್ರತಿ ತಂಡದಲ್ಲೂ ಇರುತ್ತಾರೆ, ಮೊದಲೇ ವಿವರಿಸಿ.

ಎಸ್‌ಯುಎಸ್‌ನಲ್ಲಿ ಬಳಸಲು ಎಷ್ಟು ಸುಲಭವೆನಿಸಿತು ಎಂಬುದನ್ನು ಅಳೆಯುವ ಹತ್ತು ಹೇಳಿಕೆ, ಐದು ಅಂಕದ ಅಳತೆ. ಬೆಸ ಸಂಖ್ಯೆಯ ಹೇಳಿಕೆಯ ಅಂಕದಿಂದ 1 ಕಳೆಯಿರಿ, ಸಮ ಸಂಖ್ಯೆಯ ಹೇಳಿಕೆಯ ಅಂಕವನ್ನು 5ರಿಂದ ಕಳೆಯಿರಿ, ಕೂಡಿ 2.5ರಿಂದ ಗುಣಿಸಿ. ಉತ್ತರಗಳು 4, 2, 4, 3, 5, 1, 4, 2, 3, 2 ಆದರೆ ಬೆಸದ್ದು 15, ಸಮದ್ದು 15, ಒಟ್ಟು 30, ಅಂಕ 75. ಸಾಮಾನ್ಯ ಸರಾಸರಿ 68ರ ಸುತ್ತ. ಇದು ಪ್ರತಿಶತ ಅಲ್ಲ. ಮತ್ತು ಅಂಕ 85 ಬಂದ ಪರದೆಯಲ್ಲೂ ಆಪರೇಟರ್ ತಪ್ಪು ಗುರಿ ಆರಿಸಿರಬಹುದು. ಇಷ್ಟವಾಗುವುದು ಬೇರೆ, ಸರಿಯಾಗಿ ಕೆಲಸ ಮಾಡಿಸುವುದು ಬೇರೆ.

ಸಿಕ್ಕಿರುವುದು ಒಂದೇ ದಿನ, ಇಬ್ಬರೇ ಆಪರೇಟರುಗಳು. ಏನು ಮಾಡುವುದು?

ಅಂಕಿಅಂಶದ ಆಸೆ ಬಿಡಿ. ಬೆಳಗ್ಗೆ ಒಬ್ಬೊಬ್ಬರಿಗೂ ನಲವತ್ತು ನಿಮಿಷದ ಒಂದು ಸನ್ನಿವೇಶ. ಅದರಲ್ಲಿ ನಾಲ್ಕು ಕೆಡುಕುಗಳನ್ನು ಬೇಕೆಂದೇ ಹೂತಿಡಿ: ಒಂದು ಸೆನ್ಸರ್ ಸದ್ದಿಲ್ಲದೆ ನಿಲ್ಲಲಿ, ಒಂದು ಟ್ರ್ಯಾಕ್ ಸಂಖ್ಯೆ ಬದಲಾಗಲಿ, ಎರಡು ಮೂಲಗಳು ಒಂದೇ ವಸ್ತುವಿಗೆ ಬೇರೆ ಬೇರೆ ಗುರುತು ಕೊಡಲಿ, ಸಾಫ್ಟ್‌ವೇರ್ ಒಂದು ತಪ್ಪು ಶಿಫಾರಸು ಮಾಡಲಿ. ಪ್ರತಿಯೊಂದನ್ನೂ ಆಪರೇಟರ್ ಗಮನಿಸಿದನೇ, ಎಷ್ಟು ಸೆಕೆಂಡಿಗೆ, ಏನನ್ನು ನೋಡಿ ಎಂದು ಬರೆದುಕೊಳ್ಳಿ. ಮಧ್ಯಾಹ್ನ ಪರದೆಯ ರೆಕಾರ್ಡಿಂಗ್ ಹಾಕಿ, ಆ ನಾಲ್ಕೂ ಗಳಿಗೆಗಳಲ್ಲಿ ನಿಲ್ಲಿಸಿ, ‘ಈ ಹೊತ್ತಿನಲ್ಲಿ ನಿಮ್ಮ ಪ್ರಕಾರ ಏನು ನಡೆಯುತ್ತಿತ್ತು?’ ಎಂದು ಕೇಳಿ. ‘ಯಾಕೆ ಹಾಗೆ ಮಾಡಿದಿರಿ?’ ಎಂದು ಕೇಳಬೇಡಿ, ಸಮಜಾಯಿಷಿ ಶುರುವಾಗುತ್ತದೆ. ಇಬ್ಬರೂ ಒಂದೇ ಕಡೆ ಎಡವಿದ್ದರೆ ಮೂರನೆಯವರಿಗಾಗಿ ಕಾಯದೆ ಆ ಭಾಗವನ್ನು ತಿದ್ದಲು ಕೂತುಕೊಳ್ಳಿ.